ಮನೆತೋಟದಲ್ಲಿ ರಾಸ್ಪ್‌ಬೆರಿ: ಯಾವ ಕಡ್ಡಿ ಕತ್ತರಿಸಬೇಕು, ಯಾವುದನ್ನು ಉಳಿಸಬೇಕು

ರಾಸ್ಪ್‌ಬೆರಿ ನೆಟ್ಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಗಿಡ ಆಳೆತ್ತರ ಬೆಳೆದಿದೆ, ಎಲೆಯೂ ಹಸಿರಾಗಿದೆ, ಹಣ್ಣು ಮಾತ್ರ ಇಲ್ಲ. ಏನು ಗೊಬ್ಬರ ಹಾಕಲಿ?" ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಕಳೆದ ಸಲ ಯಾವ ಕಡ್ಡಿಗಳನ್ನು ಸವರಿದಿರಿ ಎಂದು ನೆನಪು ಮಾಡಿಕೊಳ್ಳಿ. ಹಣ್ಣು ಬಿಡಬೇಕಿದ್ದ ಕಡ್ಡಿಗಳನ್ನೇ ಕತ್ತರಿಸಿ ಹಾಕಿರುವ ಸಾಧ್ಯತೆ ಹೆಚ್ಚು. ಹಾಗಾಗಿ ನಾಟಿಯ ವಿಷಯಕ್ಕೆ ಹೋಗುವ ಮೊದಲು ಗಿಡದ ಬದುಕು ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಿ. ಉಳಿದ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ರಾಸ್ಪ್‌ಬೆರಿಯ ಬೇರು ಮತ್ತು ಬುಡ ಹಲವು ವರ್ಷ ಬಾಳುತ್ತವೆ. ನೆಲದಿಂದ ಮೇಲೇಳುವ ಕಡ್ಡಿಯ ಆಯುಷ್ಯ ಮಾತ್ರ ಎರಡೇ ವರ್ಷ. ಮೊದಲ ವರ್ಷದ ಹಸಿರು ಕಡ್ಡಿಗೆ ಬೆಳೆಗಾರರು ಪ್ರೈಮೊಕೇನ್ ಎನ್ನುತ್ತಾರೆ. ಇಲ್ಲಿ ಅದನ್ನು ಹೊಸ ಕಡ್ಡಿ ಎಂದು ಕರೆಯೋಣ. ಚಳಿಗಾಲ ಕಳೆದ ಮೇಲೆ ಅದೇ ಕಡ್ಡಿ ಫ್ಲೋರಿಕೇನ್, ಅಂದರೆ ಹಳೇ ಕಡ್ಡಿ ಆಗುತ್ತದೆ. ತೊಗಟೆ ಬಲಿತು ಒರಟಾಗಿರುತ್ತದೆ, ಪಕ್ಕದ ಮೊಗ್ಗುಗಳಿಂದ ಗಿಡ್ಡ ರೆಂಬೆಗಳು ಒಡೆದು ಹೂ ಬಿಟ್ಟು ಹಣ್ಣಾಗುತ್ತವೆ. ಹಣ್ಣು ಮುಗಿದರೆ ಆ ಕಡ್ಡಿಯ ಕಥೆ ಮುಗಿಯಿತು, ಅದು ಒಣಗುತ್ತದೆ. ಅಷ್ಟರಲ್ಲಿ ಬುಡದಿಂದ ಮುಂದಿನ ವರ್ಷದ ಕಡ್ಡಿಗಳು ಎದ್ದು ನಿಂತಿರುತ್ತವೆ.

ತಳಿಗಳಲ್ಲಿ ಎರಡು ಬಗೆ. ಬೇಸಿಗೆ ತಳಿಗಳು ಹಳೇ ಕಡ್ಡಿಯಲ್ಲಿ ಮಾತ್ರ, ವರ್ಷಕ್ಕೆ ಒಂದೇ ಸಲ ಹಣ್ಣು ಬಿಡುತ್ತವೆ. ಶರತ್ಕಾಲದ ತಳಿಗಳು ಹೊಸ ಕಡ್ಡಿಯ ತುದಿಯಲ್ಲೇ ಅದೇ ವರ್ಷದ ಕೊನೆಗೆ ಹಣ್ಣು ಕೊಡುತ್ತವೆ. ಕಡ್ಡಿಯನ್ನು ಹಾಗೇ ಬಿಟ್ಟರೆ ಮುಂದಿನ ಬೇಸಿಗೆಯಲ್ಲಿ ಅದರ ಕೆಳಭಾಗದಲ್ಲಿ ಇನ್ನೊಂದು ಬೆಳೆ ಬರುತ್ತದೆ. ಈ ಎರಡನೆಯ ಬಗೆಯನ್ನು ನರ್ಸರಿಯವರು ಎವರ್‌ಬೇರಿಂಗ್ ಎಂದೂ ಕರೆಯುತ್ತಾರೆ. ಹೆಸರು ಕೇಳಿ ವರ್ಷವಿಡೀ ಹಣ್ಣು ಸಿಗುತ್ತದೆ ಎಂದುಕೊಳ್ಳಬೇಡಿ.

1. ತಳಿ ಆರಿಸಿ

ಮೊದಲ ಸಲ ಬೆಳೆಸುವವರು ಶರತ್ಕಾಲದ ತಳಿಯಿಂದ ಶುರು ಮಾಡುವುದೇ ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ. ಸವರುವುದು ಬಲು ಸುಲಭ, ನೆಟ್ಟ ವರ್ಷವೇ ಒಂದಷ್ಟು ಹಣ್ಣು ಕಾಣಬಹುದು. ಹೆರಿಟೇಜ್, ಆಟಮ್ ಬ್ಲಿಸ್, ಕ್ಯಾರೊಲಿನ್, ಜೋನ್ ಜೆ, ಪೋಲ್ಕಾ ಈ ಗುಂಪಿನವು. ಹಳದಿ ಹಣ್ಣು ಬೇಕೆಂದರೆ ಆ್ಯನ್ ಅಥವಾ ಫಾಲ್‌ಗೋಲ್ಡ್. ಜೋನ್ ಜೆ ಕಡ್ಡಿಗೆ ಮುಳ್ಳಿಲ್ಲ, ಮಕ್ಕಳಿರುವ ಮನೆಗೆ ಅನುಕೂಲ. ಬೇಸಿಗೆ ತಳಿಗಳಲ್ಲಿ ಟುಲಮೀನ್, ಗ್ಲೆನ್ ಆ್ಯಂಪಲ್, ಮೀಕರ್, ಬಾಯ್ನ್ ಹೆಸರುವಾಸಿ. ಬಾಯ್ನ್ ಕೊರೆಯುವ ಚಳಿಯನ್ನೂ ತಡೆಯುತ್ತದೆ, ಟುಲಮೀನ್ ಅಷ್ಟು ತಡೆಯದು.

ನಿಮ್ಮಲ್ಲಿ ಚಳಿ ಎಷ್ಟು ಎಂಬುದನ್ನು ನೋಡಿಯೇ ಕೊಳ್ಳಿ. ಚಳಿಗಾಲದಲ್ಲಿ ಉಷ್ಣಾಂಶ ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಇರುವ ಒಟ್ಟು ಗಂಟೆಗಳನ್ನು ಚಳಿ ಗಂಟೆ ಎನ್ನುತ್ತಾರೆ. ಬೇಸಿಗೆ ತಳಿಗಳಲ್ಲಿ ಬಹುತೇಕವಕ್ಕೆ ಇಂಥ 800 ಗಂಟೆಗಳಾದರೂ ಬೇಕು. ಸಾಲದಿದ್ದರೆ ಮೊಗ್ಗುಗಳು ಅಲ್ಲೊಂದು ಇಲ್ಲೊಂದು ಒಡೆಯುತ್ತವೆ, ಕಡ್ಡಿಯ ಬಹುಭಾಗ ಬೋಳಾಗಿಯೇ ಉಳಿಯುತ್ತದೆ. ಹೊಸ ಕಡ್ಡಿಯಲ್ಲಿ ಹಣ್ಣು ಬಿಡುವ ತಳಿಗಳು ಕಡಿಮೆ ಚಳಿಯಲ್ಲೂ ಸುಧಾರಿಸಿಕೊಳ್ಳುತ್ತವೆ. ಚಳಿಯೇ ಬೀಳದ ಕಡೆಯವರಿಗೆ ಉಳಿಯುವ ದಾರಿ ರೂಬಸ್ ನಿವಿಯಸ್ ಎಂಬ ಬೇರೆಯದೇ ಜಾತಿ. ಇದಕ್ಕೆ ಮೈಸೂರು ರಾಸ್ಪ್‌ಬೆರಿ ಎಂದೇ ಹೆಸರು. ಹಣ್ಣು ಕಪ್ಪು, ಮುಳ್ಳು ಜೋರು. ಗ್ಯಾಲಪಗೋಸ್ ದ್ವೀಪಗಳಲ್ಲಿ ಇದು ಕಳೆಯಾಗಿ ಹಬ್ಬಿ ಕಾಡನ್ನೇ ಮುಚ್ಚಿದೆ, ಆದ್ದರಿಂದ ಬೇಲಿ ದಾಟದಂತೆ ನೋಡಿಕೊಳ್ಳುವವರು ಮಾತ್ರ ನೆಡಬೇಕು.

ಎಚ್ಚರಿಕೆ: ಪಕ್ಕದ ಮನೆಯಿಂದ ಪುಕ್ಕಟೆ ಸಿಗುವ ಮರಿಗಳಿಗೆ, ಅಂದರೆ ಬೇರಿನಿಂದ ಎದ್ದ ಸಸಿಗಳಿಗೆ, ಮನಸೋಲಬೇಡಿ. ರಾಸ್ಪ್‌ಬೆರಿಗೆ ತಗಲುವ ವೈರಸ್ ರೋಗಗಳು ಹೊರಗೆ ಕಾಣದೆ ಮರಿಗಳ ಜೊತೆಗೇ ಬರುತ್ತವೆ, ಬಂದ ಮೇಲೆ ಅವಕ್ಕೆ ಮದ್ದಿಲ್ಲ. ವೈರಸ್‌ಮುಕ್ತ ಎಂದು ಪ್ರಮಾಣೀಕರಿಸಿದ ಸಸಿಯನ್ನೇ ಕೊಳ್ಳಿ. ಒಂದೇ ಗಿಡವಿದ್ದರೂ ಹಣ್ಣಾಗುತ್ತದೆ, ಜೋಡಿ ತಳಿ ಬೇಕಿಲ್ಲ.

2. ಜಾಗ ಮತ್ತು ಮಣ್ಣು

ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೇಕು. ಆದರೆ ಉಷ್ಣಾಂಶ 30 ಡಿಗ್ರಿ ದಾಟುವ ಕಡೆ ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ ಹುಡುಕಿ. ಬಿಸಿಲಿನ ಝಳಕ್ಕೆ ಹಣ್ಣಿನ ಕೆಲವು ಕಾಳುಗಳು ಬಿಳಿಚಿಕೊಳ್ಳುತ್ತವೆ. ಅದು ರೋಗವಲ್ಲ, ತಿನ್ನಲು ತೊಂದರೆಯಿಲ್ಲ, ಆದರೆ ಗಿಡಕ್ಕೆ ಬಿಸಿಲು ಹೆಚ್ಚಾಯಿತು ಎಂಬುದಕ್ಕೆ ಗುರುತು.

ಈ ಗಿಡ ಚಳಿಗಿಂತ, ಕೀಟಕ್ಕಿಂತ ಹೆಚ್ಚಾಗಿ ಸಾಯುವುದು ಬುಡದಲ್ಲಿ ನಿಂತ ನೀರಿನಿಂದ. ಬೇರುಗಳು ಬಹುಪಾಲು ಮೇಲಿನ 30ರಿಂದ 50 ಸೆಂ.ಮೀ. ಮಣ್ಣಿನಲ್ಲೇ ಹರಡಿರುತ್ತವೆ. ಅಲ್ಲಿ ನೀರು ನಿಂತರೆ ಫೈಟಾಫ್ತೊರಾ ಎಂಬ ರೋಗಕಾರಕದಿಂದ ಬೇರು ಕೊಳೆಯುತ್ತದೆ. ನೆಡುವ ಮುನ್ನ ಒಂದು ಪರೀಕ್ಷೆ ಮಾಡಿ. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೆಯ ಸಲದ ನೀರು ಗಂಟೆಗೆ 2-3 ಸೆಂ.ಮೀ.ಯಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ 25-30 ಸೆಂ.ಮೀ. ಎತ್ತರದ ಏರುಮಡಿ ಮಾಡದೆ ನೆಡಬೇಡಿ.

ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆ, 5.6ರಿಂದ 6.5ರ ಒಳಗಿರಲಿ. 7 ದಾಟಿದ ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಾರಣ ಹೆಚ್ಚಾಗಿ ಇದೇ. ರಸಸಾರ ಇಳಿಸಲು ಗಂಧಕದ ಪುಡಿ ಹಾಕುತ್ತಾರೆ, ಅದು ಕೆಲಸ ಮಾಡಲು ತಿಂಗಳುಗಳೇ ಬೇಕು. ಮಣ್ಣು ಪರೀಕ್ಷೆಯ ವರದಿ ನೋಡಿ, ನಾಟಿಗೆ ಆರು ತಿಂಗಳ ಮೊದಲೇ ಹಾಕಿ.

ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಅಥವಾ ಸ್ಟ್ರಾಬೆರಿ ಕಳೆದ ಮೂರು-ನಾಲ್ಕು ವರ್ಷಗಳಲ್ಲಿ ಬೆಳೆದಿದ್ದ ಮಡಿಯನ್ನು ಬಿಟ್ಟುಬಿಡಿ. ಅವುಗಳಿಗೂ ರಾಸ್ಪ್‌ಬೆರಿಗೂ ವರ್ಟಿಸಿಲಿಯಮ್ ಸೊರಗು ರೋಗ ಒಂದೇ, ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಜಾಗ ಗೊತ್ತಾದ ಮೇಲೆ 80-90 ಸೆಂ.ಮೀ. ಅಗಲದ ಪಟ್ಟಿಯನ್ನು 30 ಸೆಂ.ಮೀ. ಆಳ ಅಗೆದು, ಮೇಲೆ 5 ಸೆಂ.ಮೀ. ದಪ್ಪ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಹರಡಿ ಬೆರೆಸಿ. ಚದರ ಮೀಟರಿಗೆ ಸುಮಾರು 50 ಲೀಟರ್ ಆಗುತ್ತದೆ. ಗರಿಕೆ, ಜೇಕು ಇದ್ದರೆ ಈಗಲೇ ಬೇರುಸಹಿತ ತೆಗೆಯಿರಿ. ಕಡ್ಡಿಗಳ ನಡುವೆ ಹೊಕ್ಕ ಗರಿಕೆಯನ್ನು ಆಮೇಲೆ ತೆಗೆಯಲು ಹೊರಟರೆ ಬೇರೂ ಕಿತ್ತು ಬರುತ್ತದೆ.

3. ನಾಟಿ

ಸಸಿಗಳು ಎರಡು ರೂಪದಲ್ಲಿ ಸಿಗುತ್ತವೆ. ಎಲೆ ಉದುರಿದ, ಮಣ್ಣಿಲ್ಲದ ಬರಿಬೇರಿನ ಸಸಿಯನ್ನು ಚಳಿಗಾಲದ ಕೊನೆಯಲ್ಲಿ, ಚಿಗುರುವ ಮೊದಲು ನೆಡಬೇಕು. ಕುಂಡದ ಸಸಿ ಅಥವಾ ಅಂಗಾಂಶ ಕೃಷಿಯ ಎಳೆ ಸಸಿಯನ್ನು ಹಿಮ ಬೀಳುವ ಭಯ ಕಳೆದ ಮೇಲೆ.

ಬರಿಬೇರಿನ ಸಸಿಯನ್ನು ಒಂದೆರಡು ಗಂಟೆ ಮಾತ್ರ ನೀರಿನಲ್ಲಿಡಿ, ಇಡೀ ರಾತ್ರಿ ಬೇಡ. ಬೇರು ಮಡಚದೆ ಹರಡುವಷ್ಟು ಅಗಲದ ಗುಂಡಿ ತೋಡಿ. ಬುಡ ನೆಲಮಟ್ಟದಿಂದ 3-5 ಸೆಂ.ಮೀ. ಕೆಳಗಿರಲಿ, ಅದಕ್ಕಿಂತ ಆಳಕ್ಕೆ ಹೋದರೆ ಮರಿಗಳು ಮೇಲೇಳಲು ತಿಣುಕುತ್ತವೆ. ಮಣ್ಣು ತುಂಬಿ ಕಾಲಿನಿಂದ ಹದವಾಗಿ ಒತ್ತಿ, ಗಿಡಕ್ಕೆ 4-5 ಲೀಟರ್ ನೀರು ಕೊಡಿ. ಗುಂಡಿಯೊಳಗೆ ರಾಸಾಯನಿಕ ಗೊಬ್ಬರ ಹಾಕಬಾರದು, ಎಳೆ ಬೇರು ಸುಡುತ್ತದೆ.

ಈಗ ಬಹಳ ಮಂದಿ ಹಿಂಜರಿಯುವ ಕೆಲಸ: ನೆಟ್ಟ ಕಡ್ಡಿಯನ್ನು ನೆಲದಿಂದ 15-20 ಸೆಂ.ಮೀ. ಉಳಿಸಿ ಕತ್ತರಿಸಿ. ಉದ್ದ ಕಡ್ಡಿ ಬಿಟ್ಟರೆ ಇನ್ನೂ ಊರದ ಬೇರಿನ ಶಕ್ತಿಯೆಲ್ಲ ಅದರ ಎಲೆಗೇ ಹೋಗುತ್ತದೆ, ಬುಡದಿಂದ ಹೊಸ ಕಡ್ಡಿ ಏಳುವುದಿಲ್ಲ. ಅಂಗಾಂಶ ಕೃಷಿಯ ಸಸಿಗೆ ಈ ಕೆಲಸ ಬೇಡ.

ಅಂತರ: ಕೆಂಪು ಮತ್ತು ಹಳದಿ ತಳಿಗಳಿಗೆ ಗಿಡದಿಂದ ಗಿಡಕ್ಕೆ 45-60 ಸೆಂ.ಮೀ., ಸಾಲಿನಿಂದ ಸಾಲಿಗೆ 2 ಮೀಟರ್ ಅಥವಾ ಸ್ವಲ್ಪ ಹೆಚ್ಚು. ಇವು ಬೇರಿನಿಂದ ಮರಿ ಹಾಕಿ ನಡುವಿನ ಜಾಗ ತುಂಬಿಕೊಳ್ಳುತ್ತವೆ. ಕಪ್ಪು ರಾಸ್ಪ್‌ಬೆರಿ ಹಾಗೆ ಹರಡದೆ ಒಂದೇ ಬುಡದಲ್ಲಿ ಪೊದೆಯಾಗುವುದರಿಂದ ಅದಕ್ಕೆ 90 ಸೆಂ.ಮೀ. ಕೊಡಿ. ಕೆಂಪು ಮತ್ತು ಕಪ್ಪನ್ನು ಅಕ್ಕಪಕ್ಕ ನೆಡಬೇಡಿ. ಸಸ್ಯಹೇನುಗಳು ಕೆಂಪಿನಿಂದ ಕಪ್ಪಿಗೆ ವೈರಸ್ ದಾಟಿಸುತ್ತವೆ, ಕೆಂಪು ತಡೆದುಕೊಂಡರೂ ಕಪ್ಪು ನರಳುತ್ತದೆ.

ನೆಲವಿಲ್ಲದವರು 40 ಲೀಟರಿನ, ತಳದಲ್ಲಿ ಧಾರಾಳ ತೂತುಗಳಿರುವ ಕುಂಡದಲ್ಲಿ ಶರತ್ಕಾಲದ ತಳಿ ಬೆಳೆಸಬಹುದು. ಕುಂಡಕ್ಕೆಂದೇ ರೂಪಿಸಿದ ಗಿಡ್ಡ, ಮುಳ್ಳಿಲ್ಲದ ರಾಸ್ಪ್‌ಬೆರಿ ಶಾರ್ಟ್‌ಕೇಕ್ ಎಂಬ ತಳಿಯೂ ಇದೆ. ಅದು ಬೇಸಿಗೆ ಬಗೆಯದು ಎಂಬುದು ಸವರುವಾಗ ನೆನಪಿರಲಿ. ಬಿಸಿಲಿನ ದಿನಗಳಲ್ಲಿ ಕುಂಡಕ್ಕೆ ದಿನವೂ ನೀರು ಬೇಕು.

4. ಆಸರೆ

ಹಣ್ಣು ತುಂಬಿದ ಕಡ್ಡಿ ಬಾಗಿ ನೆಲ ಮುಟ್ಟಿದರೆ ಹಣ್ಣು ಕೊಳೆಯುತ್ತದೆ. 2.4 ಮೀಟರಿನ ಕಂಬಗಳನ್ನು 60 ಸೆಂ.ಮೀ. ಹೂತು, 4-5 ಮೀಟರಿಗೊಂದರಂತೆ ನಿಲ್ಲಿಸಿ. ಬೇಸಿಗೆ ತಳಿಗೆ 90 ಸೆಂ.ಮೀ. ಮತ್ತು 1.5 ಮೀಟರ್ ಎತ್ತರದಲ್ಲಿ ಎರಡು ತಂತಿ ಎಳೆದು ಕಡ್ಡಿಗಳನ್ನು ಸೆಣಬಿನ ದಾರದಿಂದ ಸಡಿಲವಾಗಿ ಕಟ್ಟಿ. ಶರತ್ಕಾಲದ ತಳಿಗೆ ಕಟ್ಟುವ ಗೋಜಿಲ್ಲ: ಸಾಲಿನ ಎರಡೂ ಬದಿಗೆ 1 ಮೀಟರ್ ಎತ್ತರದಲ್ಲಿ ತಂತಿ ಹಾಯಿಸಿ ಕಡ್ಡಿಗಳನ್ನು ನಡುವೆ ನಿಲ್ಲಿಸಿದರೆ ಸಾಕು.

5. ನೀರು, ಹೊದಿಕೆ, ಗೊಬ್ಬರ

ಮಳೆಯಿಲ್ಲದ ವಾರ ಪ್ರತಿ ಚದರ ಮೀಟರಿಗೆ 25 ಲೀಟರ್, ಹಣ್ಣು ದಪ್ಪವಾಗುವ ಹೊತ್ತಿಗೆ 35-40 ಲೀಟರ್ ನೀರು ಬೇಕು. ಒಂದೇ ಸಲ ಸುರಿಯದೆ ಎರಡು ಮೂರು ಕಂತಿನಲ್ಲಿ ಕೊಡಿ. ಹನಿ ಕೊಳವೆ ಎಲ್ಲಕ್ಕಿಂತ ಮೇಲು. ಮೇಲಿನಿಂದ ಚಿಮುಕಿಸಿದರೆ ಹೂ, ಹಣ್ಣು ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ.

ಒಣಹುಲ್ಲು, ಮರದ ಚಕ್ಕೆ ಅಥವಾ ತರಗೆಲೆಯ ಹೊದಿಕೆಯನ್ನು 5-8 ಸೆಂ.ಮೀ. ದಪ್ಪ ಹಾಸಿ, ಕಡ್ಡಿಯ ಬುಡಕ್ಕೆ ತಾಗದಂತೆ ಸ್ವಲ್ಪ ಸರಿಸಿಡಿ. ಜಿಗುಟು ಮಣ್ಣಾದರೆ ಹೊದಿಕೆ ತೆಳುವಾಗಿರಲಿ, ಇಲ್ಲದಿದ್ದರೆ ತೇವ ಹೆಚ್ಚಾಗಿ ಬೇರು ಕೊಳೆ ಶುರುವಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಹೊಸ ಕಡ್ಡಿಗಳು ಮೇಲೆ ಬರಲಾರವು.

ಎರಡನೆಯ ವರ್ಷದಿಂದ, ಚಿಗುರೊಡೆಯುವ ಹೊತ್ತಿಗೆ ಸಾಲಿನ ಪ್ರತಿ ಮೀಟರಿಗೆ 60-75 ಗ್ರಾಂ 10-10-10 ಗೊಬ್ಬರ ಕೊಡಿ. ಈ ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ. ನೆಟ್ಟ ವರ್ಷ ಇದರ ಅರ್ಧ ಸಾಕು, ಅದೂ ನಾಟಿಯಾಗಿ ಒಂದು ತಿಂಗಳ ಮೇಲೆ. ಕಡ್ಡಿಯಿಂದ 10 ಸೆಂ.ಮೀ. ದೂರದಲ್ಲಿ ಉದುರಿಸಿ ನೀರು ಹಾಯಿಸಿ. ಸಾವಯವವೇ ಬೇಕೆನ್ನುವವರು ವರ್ಷಕ್ಕೊಮ್ಮೆ 2-3 ಸೆಂ.ಮೀ. ಕಾಂಪೋಸ್ಟ್ ಹರಡಿದರೆ ನಡೆಯುತ್ತದೆ. ಪೊಟ್ಯಾಷ್ ಪ್ರತ್ಯೇಕವಾಗಿ ಕೊಡುವುದಾದರೆ ಸಲ್ಫೇಟ್ ಆಫ್ ಪೊಟ್ಯಾಷ್ ಆರಿಸಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಈ ಗಿಡಕ್ಕೆ ಆಗಿಬರುವುದಿಲ್ಲ. ಬೇಸಿಗೆ ಅರ್ಧ ಕಳೆದ ಮೇಲೆ ಸಾರಜನಕ ನಿಲ್ಲಿಸಿ. ಚಳಿ ಬಂದಾಗ ಮೊದಲು ಸಾಯುವುದು ತಡವಾಗಿ ಬಂದ ಮೆತ್ತನೆಯ ಚಿಗುರೇ.

6. ಸವರುವುದು

ಹರಿತವಾದ ಸಿಕೇಚರ್ ಕತ್ತರಿ, ಮುಳ್ಳು ತಡೆಯುವ ಕೈಗವಸು ಇಟ್ಟುಕೊಳ್ಳಿ. ರೋಗವಿದ್ದ ಕಡ್ಡಿ ಮುಟ್ಟಿದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸುವಾಗ ನೆಲಕ್ಕೆ ಆದಷ್ಟು ಹತ್ತಿರ ಕತ್ತರಿಸಿ, ಉಳಿದ ಮೋಟು ರೋಗಕ್ಕೆ ನೆಲೆಯಾಗುತ್ತದೆ.

ಬೇಸಿಗೆ ತಳಿ: ಕೊಯ್ಲು ಮುಗಿದ ಕೂಡಲೇ ಹಣ್ಣು ಬಿಟ್ಟ ಹಳೇ ಕಡ್ಡಿಗಳನ್ನೆಲ್ಲ ತೆಗೆಯಿರಿ. ಇಲ್ಲೇ ಎಡವುವುದು. ಹಳೇ ಕಡ್ಡಿಯ ತೊಗಟೆ ಒರಟು, ಕೆಲವೆಡೆ ಸುಲಿದಿರುತ್ತದೆ, ಹಣ್ಣಿನ ತೊಟ್ಟುಗಳಿರುವ ಪಕ್ಕದ ರೆಂಬೆಗಳಿರುತ್ತವೆ. ಹೊಸ ಕಡ್ಡಿ ಹಸಿರು, ನುಣುಪು, ಕವಲಿಲ್ಲದ್ದು. ಗುರುತು ಸಿಗದು ಎಂಬ ಅಳುಕಿದ್ದರೆ ಹಣ್ಣು ಕೀಳುವಾಗಲೇ ಆ ಕಡ್ಡಿಗಳಿಗೆ ಬಣ್ಣದ ದಾರ ಕಟ್ಟಿಬಿಡಿ. ಚಳಿಗಾಲ ಬರಲಿ ಎಂದು ಕಾದರೆ ಎರಡೂ ಒಂದೇ ಬಣ್ಣಕ್ಕೆ ತಿರುಗಿ ಗೊಂದಲವಾಗುತ್ತದೆ.

ಚಳಿಗಾಲದ ಕೊನೆಯಲ್ಲಿ ಎರಡನೆಯ ಸುತ್ತು. ಸಣಕಲು, ಮುರಿದ, ಕಲೆ ಬಿದ್ದ ಕಡ್ಡಿಗಳನ್ನು ತೆಗೆದು, ಸಾಲಿನ ಮೀಟರಿಗೆ 10-12 ದಪ್ಪ ಕಡ್ಡಿ ಉಳಿಸಿ. ಎಲ್ಲವನ್ನೂ ಉಳಿಸಿದರೆ ಗಾಳಿ-ಬೆಳಕು ಒಳಹೋಗದೆ ಹಣ್ಣು ಚಿಕ್ಕದಾಗಿ ಬೂಷ್ಟು ಹಿಡಿಯುತ್ತದೆ. ಆಸರೆಯ ತಂತಿಗಿಂತ ತೀರ ಮೇಲೆ ಹೋದ ತುದಿಯನ್ನು ಕತ್ತರಿಸಬಹುದು, ಆದರೆ ಕಡ್ಡಿಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೇಸಿಗೆಯಲ್ಲಿ ಕೆಂಪು ತಳಿಯ ಕುಡಿ ಚಿವುಟಬಾರದು.

ಶರತ್ಕಾಲದ ತಳಿ: ಒಂದೇ ಬೆಳೆ ಸಾಕು ಎನ್ನುವುದಾದರೆ, ಚಳಿಗಾಲದ ಕೊನೆಗೆ ಎಲ್ಲ ಕಡ್ಡಿಯನ್ನೂ ನೆಲಮಟ್ಟಕ್ಕೆ ಕತ್ತರಿಸಿ. ಅಷ್ಟೇ. ಎರಡು ಬೆಳೆ ಬೇಕಿದ್ದರೆ ಹಣ್ಣು ಬಿಟ್ಟ ತುದಿಯಷ್ಟನ್ನೇ ತೆಗೆದು ಉಳಿದದ್ದನ್ನು ಬಿಡಿ, ಬೇಸಿಗೆಯ ಹಣ್ಣು ಮುಗಿದ ಮೇಲೆ ಅದನ್ನು ಬುಡಕ್ಕೆ ತೆಗೆಯಿರಿ. ಎರಡು ಬೆಳೆಯ ಆಸೆ ಒಳ್ಳೆಯದೇ, ಆದರೆ ಶರತ್ಕಾಲದ ಬೆಳೆ ಅದರಿಂದ ಕೊಂಚ ಸೊರಗುತ್ತದೆ, ಕೆಲಸವೂ ಇಮ್ಮಡಿ. ಸಣ್ಣ ತೋಟಕ್ಕೆ ಒಂದೇ ಬೆಳೆ ನೆಮ್ಮದಿ.

ಕಪ್ಪು ರಾಸ್ಪ್‌ಬೆರಿಯ ನಿಯಮ ಬೇರೆ. ಹೊಸ ಕಡ್ಡಿ 75-90 ಸೆಂ.ಮೀ. ಆದಾಗ ತುದಿಯ 8-10 ಸೆಂ.ಮೀ. ಚಿವುಟಿ, ಪಕ್ಕದ ರೆಂಬೆಗಳು ಹೆಚ್ಚುತ್ತವೆ, ಹಣ್ಣು ಬಿಡುವುದು ಅವುಗಳಲ್ಲೇ. ಚಳಿಗಾಲದ ಕೊನೆಗೆ ಆ ರೆಂಬೆಗಳನ್ನು 30-45 ಸೆಂ.ಮೀ.ಗೆ ಮೊಟಕುಗೊಳಿಸಿ.

ಬಗೆ ಯಾವುದೇ ಇರಲಿ, ಕೆಂಪು ತಳಿಯ ಸಾಲಿನ ಅಗಲ 45 ಸೆಂ.ಮೀ. ದಾಟಲು ಬಿಡಬೇಡಿ. ಆಚೆ ಎದ್ದ ಮರಿಗಳನ್ನು ಗುದ್ದಲಿಯಿಂದ ಕಿತ್ತು ಹಾಕಿ. ಒಂದೆರಡು ವರ್ಷ ಸುಮ್ಮನಿದ್ದರೆ ಓಡಾಡುವ ದಾರಿಯೂ ಪೊದೆಯಾಗುತ್ತದೆ.

ತಳಿಯ ಹೆಸರೇ ಗೊತ್ತಿಲ್ಲದಿದ್ದರೆ? ಒಂದು ವರ್ಷ ಏನನ್ನೂ ಕತ್ತರಿಸದೆ ನೋಡಿ. ಹಸಿರು ಹೊಸ ಕಡ್ಡಿಯ ತುದಿಯಲ್ಲಿ ಹಣ್ಣು ಬಂದರೆ ಶರತ್ಕಾಲದ ತಳಿ, ಬಾರದಿದ್ದರೆ ಬೇಸಿಗೆಯದ್ದು.

7. ಹೂವಿನಿಂದ ಕೊಯ್ಲಿನವರೆಗೆ

ಒಂದು ರಾಸ್ಪ್‌ಬೆರಿ ಎಂದರೆ ಹತ್ತಾರು ಪುಟ್ಟ ಕಾಳುಗಳ ಗೊಂಚಲು. ಒಂದೊಂದು ಕಾಳಿಗೂ ಪರಾಗ ಬೇರೆಯಾಗಿ ತಲುಪಬೇಕು. ಈ ಕೆಲಸ ಜೇನ್ನೊಣಗಳದ್ದು, ಆದ್ದರಿಂದ ಹೂವಿರುವಾಗ ಕೀಟನಾಶಕ ಸಿಂಪಡಿಸಬೇಡಿ. ಹೂವಿನ ಕಾಲದಲ್ಲಿ ಮಳೆ ಹಿಡಿದು ನೊಣಗಳು ಬಾರದಿದ್ದರೆ ಹಣ್ಣು ಕೈಯಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಒಂದೇ ಗಿಡದಲ್ಲಿ ವರ್ಷ ವರ್ಷವೂ ಹೀಗಾದರೆ ಅದು ವೈರಸ್ ಇರಬಹುದು, ಆ ಗಿಡವನ್ನು ಕಿತ್ತು ಹಾಕಿ.

ಬಣ್ಣ ತುಂಬಿದ ಹಣ್ಣನ್ನು ಮೆಲ್ಲಗೆ ಎಳೆದರೆ ಒಳಗಿನ ಬಿಳಿ ದಿಂಡು ಗಿಡದಲ್ಲೇ ಉಳಿದು, ಹಣ್ಣು ಟೋಪಿಯಂತೆ ಟೊಳ್ಳಾಗಿ ಕೈಗೆ ಬರಬೇಕು. ಬಲ ಹಾಕಬೇಕಾದರೆ ಇನ್ನೂ ಹಣ್ಣಾಗಿಲ್ಲ ಎಂದರ್ಥ, ಕಿತ್ತ ಮೇಲೆ ಅದು ಸಿಹಿಯಾಗುವುದೂ ಇಲ್ಲ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಎರಡು ದಿನಕ್ಕೊಮ್ಮೆ, ಸೆಖೆಯಲ್ಲಿ ದಿನವೂ ಕೀಳಿ. ಅಗಲ ಪಾತ್ರೆಯಲ್ಲಿ ಎರಡು ಮೂರು ಪದರಕ್ಕಿಂತ ಹೆಚ್ಚು ತುಂಬಿದರೆ ಕೆಳಗಿನವು ಜಜ್ಜಿಹೋಗುತ್ತವೆ. ತೊಳೆಯದೆ ಫ್ರಿಜ್‌ನಲ್ಲಿಡಿ, ತಿನ್ನುವ ಮುನ್ನ ತೊಳೆಯಿರಿ. ಎರಡು ಮೂರು ದಿನ ಇರುತ್ತದೆ. ಹೆಚ್ಚು ಕಾಲ ಬೇಕಿದ್ದರೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಚೆನ್ನಾಗಿ ನೋಡಿಕೊಂಡರೆ ಮೂರನೆಯ ವರ್ಷದಿಂದ ಸಾಲಿನ ಮೀಟರಿಗೆ 1ರಿಂದ 2 ಕೆ.ಜಿ. ಹಣ್ಣು ನಿರೀಕ್ಷಿಸಬಹುದು.

8. ಕೀಟ, ರೋಗ

ಇತ್ತೀಚಿನ ವರ್ಷಗಳಲ್ಲಿ ಬೆಳೆಗಾರರಿಗೆ ದೊಡ್ಡ ತಲೆನೋವು ಡ್ರೊಸೊಫಿಲಾ ಸುಜುಕಿ ಎಂಬ ಸಣ್ಣ ಹಣ್ಣುನೊಣ. ಬೇರೆ ಹಣ್ಣುನೊಣಗಳು ಕೊಳೆತದ್ದಕ್ಕೆ ಮುತ್ತಿದರೆ ಇದು ಗಿಡದಲ್ಲೇ ಮಾಗುತ್ತಿರುವ ಹಣ್ಣಿಗೆ ಮೊಟ್ಟೆಯಿಡುತ್ತದೆ. ಒಂದು ಹಣ್ಣನ್ನೂ ಮಾಗಿ ಬೀಳಲು ಬಿಡದೆ ಕೀಳುವುದು, ಉದುರಿದ್ದನ್ನು ಆರಿಸಿ ಚೀಲದಲ್ಲಿ ಬಿಗಿದು ಬಿಸಿಲಿಗಿಡುವುದು, ಕಿತ್ತ ಕೂಡಲೇ ತಂಪು ಮಾಡುವುದು ಇದರ ಮುಖ್ಯ ತಡೆ. ಹೂ ಮುಗಿದ ಮೇಲೆ 1 ಮಿ.ಮೀ.ಗಿಂತ ಸಣ್ಣ ಕಣ್ಣಿನ ಬಲೆ ಹೊದಿಸಬಹುದು. ಹೂವಿರುವಾಗಲೇ ಹೊದಿಸಿದರೆ ಜೇನ್ನೊಣವೂ ಹೊರಗುಳಿಯುತ್ತದೆ. ಹೂವೂ ಹಣ್ಣೂ ಒಟ್ಟಿಗೇ ಇರುವ ಶರತ್ಕಾಲದ ತಳಿಗಳಲ್ಲಿ ಇದೇ ತೊಡಕು.

ಕುಡಿ ಜೋತುಬಿದ್ದು, ಅದರ ಕೆಳಗೆ ಕಡ್ಡಿಯ ಸುತ್ತ ಎರಡು ಉಂಗುರದ ಗೆರೆ ಕಂಡರೆ ಅದು ಕಡ್ಡಿಕೊರಕ. ಕೆಳಗಿನ ಉಂಗುರಕ್ಕಿಂತ ಒಂದಷ್ಟು ಕೆಳಗೆ ಕತ್ತರಿಸಿ ಸುಟ್ಟುಬಿಡಿ. ಒಣ ಸೆಖೆಯಲ್ಲಿ ಎಲೆಯ ಮೇಲೆ ಸಣ್ಣ ಬಿಳಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಇದ್ದರೆ ನುಸಿ. ಎಲೆಯ ಅಡಿಭಾಗಕ್ಕೆ ಬೆಳಗಿನ ಹೊತ್ತು ರಭಸದ ನೀರು ಹಾಯಿಸಿ. ಹಣ್ಣಿನ ಮೇಲಿನ ಬೂದು ಬೂಷ್ಟಿಗೆ ಔಷಧಕ್ಕಿಂತ ಕಡ್ಡಿ ತೆಳುಗೊಳಿಸುವುದೇ ಮದ್ದು. ಬುಡದಲ್ಲಿ ಗಂಟು ಗಂಟಾದ ಗಡ್ಡೆ ಕಂಡರೆ ಬ್ಯಾಕ್ಟೀರಿಯಾದ ಗಂಟುರೋಗ. ಕಪ್ಪು ತಳಿಯ ಎಲೆಯಡಿ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ. ಎರಡಕ್ಕೂ ಚಿಕಿತ್ಸೆಯಿಲ್ಲ, ಗಿಡವನ್ನು ಬೇರುಸಹಿತ ಕೀಳಬೇಕು, ಕಾಂಪೋಸ್ಟ್ ಗುಂಡಿಗೂ ಹಾಕಬಾರದು.

ಒಂದು ಸಾಲು ಸಾಮಾನ್ಯವಾಗಿ 8-10 ವರ್ಷ ಚೆನ್ನಾಗಿ ಫಲ ಕೊಡುತ್ತದೆ. ಆಮೇಲೆ ಕಡ್ಡಿಗಳು ತೆಳುವಾಗಿ, ಹಣ್ಣು ಸಣ್ಣದಾಗುತ್ತಾ ಹೋದರೆ ಹೊಸ ಸಸಿ ತಂದು ಬೇರೆ ಮಡಿಯಲ್ಲಿ ನೆಡಿ. ಹಳೆಯ ಸಾಲಿನ ಮರಿಗಳನ್ನೇ ಕಿತ್ತು ಒಯ್ಯಬೇಡಿ. ಹೊಸ ಸಾಲು ಫಲ ಕೊಡಲು ಎರಡು ವರ್ಷ ಬೇಕಾಗುವುದರಿಂದ ಅಲ್ಲಿಯವರೆಗೆ ಹಳೆಯದನ್ನು ಕೀಳದೆ ಉಳಿಸಿಕೊಳ್ಳಬಹುದು, ರೋಗವಿಲ್ಲದಿದ್ದರೆ ಮಾತ್ರ.